ಯುದ್ಧ ಮುಗಿದ ಮೇಲಿಂದ ಶುರು ಮಾಡಿ: ನಿರಾಶ್ರಿತರ ಸೈನ್ಸ್ ಫಿಕ್ಷನ್ ಕಾದಂಬರಿ ಬರೆಯೋದು ಹೇಗೆ?

ನಕ್ಷತ್ರಗಳ ನಡುವೆ ಯುದ್ಧ ಅಂದ ಕೂಡಲೇ ಹೆಚ್ಚಿನವರು ಲೇಸರ್ ಗನ್ನಿನಿಂದ ಶುರು ಮಾಡುತ್ತಾರೆ. ನಲವತ್ತು ಪುಟ ಆಗುವಷ್ಟರಲ್ಲಿ ಸುಸ್ತು. ಗನ್ನು ಎಷ್ಟು ಸಲ ಹಾರಿಸ್ತೀರಿ? ಕಥೆ ಸಿಗೋದು ಗುಂಡಿನ ಸದ್ದು ನಿಂತ ಮೇಲೆ. ಊರು ಬಿಟ್ಟು ಬಂದ ಹತ್ತು ಸಾವಿರ ಜನ, ನಲವತ್ತು ನಲ್ಲಿ, ಮೂರು ಪುಟದ ಒಂದು ಫಾರಂ, ಆ ಫಾರಂ ಮೇಲೆ ಸಹಿ ಹಾಕಬೇಕಾದ ಸಾಹೇಬರು ಊಟಕ್ಕೆ ಹೋಗಿದ್ದಾರೆ.

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಇಂಥ ಕಾದಂಬರಿ ಬರೆಯಬೇಕು ಅಂತ ಆಸೆ ಇರುವವರಿಗಾಗಿ ಇದನ್ನು ಬರೆದಿದ್ದೇನೆ. ಬೇರೆ ಕಡೆಯವರು ಓದಬಾರದು ಅಂತೇನಿಲ್ಲ. ಆದರೆ ನಮ್ಮ ಕಡೆಯವರಿಗೆ ಬೇಕಾದ ಸಾಮಗ್ರಿ ಮನೆ ಬಾಗಿಲಲ್ಲೇ ಬಿದ್ದಿದೆ. ಅದನ್ನು ಬಿಟ್ಟು ಇಂಗ್ಲಿಷ್ ಸಿನಿಮಾ ನೋಡಿ ಕಥೆ ಕಟ್ಟೋದು ಯಾಕೆ ಅನ್ನೋದು ನನ್ನ ತಕರಾರು.

ಹೆಜ್ಜೆ 1: ಮೊದಲ ಪುಟಕ್ಕೂ ಮುಂಚೆ ಯುದ್ಧ ಮುಗಿಸಿಬಿಡಿ

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಬಂತು. 17ಕ್ಕೆ ನಿಜಾಮರು ಸೋಲೊಪ್ಪಿದರು. ಒಟ್ಟು ಐದು ದಿನ. ಆಮೇಲಿನದು ನೋಡಿ. 1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಗೇಣಿ ಕಾಯ್ದೆ ಬಂತು. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯವೇ ಹೋಳಾಗಿ ನಾವು ಮೈಸೂರಿಗೆ ಸೇರಿದೆವು. ನಿಜಾಮರ ಹಾಲಿ ಸಿಕ್ಕಾ ರೂಪಾಯಿ 1959ರ ತನಕ ಕೈಯಲ್ಲಿ ಓಡಾಡುತ್ತಿತ್ತು. ಈ ಭಾಗದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಯಾದದ್ದು 2013ರಲ್ಲಿ. ಕಲ್ಯಾಣ ಕರ್ನಾಟಕ ಅನ್ನೋ ಹೆಸರು ಬಂದದ್ದು 2019ರಲ್ಲಿ. ಇವತ್ತು 371(ಜೆ) ಸರ್ಟಿಫಿಕೇಟಿಗೆ ಅರ್ಜಿ ಹಿಡಿದು ಕ್ಯೂನಲ್ಲಿ ನಿಂತ ಹುಡುಗನ ಬೆನ್ನ ಹಿಂದೆ ಆ ಐದು ದಿನ ಇದೆ. ಅವನಿಗೆ ಅದು ಗೊತ್ತಿರಬೇಕು ಅಂತೇನೂ ಇಲ್ಲ.

ನಿಮ್ಮ ಯುದ್ಧಕ್ಕೂ ಹೀಗೊಂದು ಪಟ್ಟಿ ಮಾಡಿ. ಒಂದು ಹಾಳೆ ಸಾಕು. ಯುದ್ಧಕ್ಕೆ ಎರಡು ಸಾಲು ಕೊಡಿ, ನಂತರದ ಎಪ್ಪತ್ತು ವರ್ಷಕ್ಕೆ ಉಳಿದ ಹಾಳೆ. ಯಾವ ಕಾನೂನು ಯಾವಾಗ ಬಂತು, ನೋಟು ಯಾವಾಗ ಬದಲಾಯಿತು, ಗಡಿ ಯಾವಾಗ ಸರಿಯಿತು, ಊರಿನ ಹೆಸರು ಯಾವಾಗ ಬದಲಾಯಿತು. ಈ ಹಾಳೆಯಲ್ಲಿ ಯಾವುದಾದರೂ ಒಂದು ವರ್ಷದ ಮೇಲೆ ಬೆರಳಿಟ್ಟು ಅಲ್ಲಿಂದ ಕಥೆ ಶುರು ಮಾಡಿ. ನನ್ನ ಕೇಳಿದರೆ ನೋಟು ಬದಲಾದ ವರ್ಷವೇ ಒಳ್ಳೆಯದು. 7 ಹಾಲಿ ಸಿಕ್ಕಾಕ್ಕೆ 6 ಭಾರತದ ರೂಪಾಯಿ ಅನ್ನೋ ಲೆಕ್ಕದಲ್ಲಿ ಸಂತೆಯೊಳಗೆ ಎಷ್ಟು ಜಗಳ ಆಗಿರಬೇಡ!

ಹೆಜ್ಜೆ 2: ದೂರ ಎಷ್ಟು, ವೇಗ ಎಷ್ಟು ಅಂತ ಮೊದಲೇ ನಿಗದಿ ಮಾಡಿ

ಪಾತ್ರಗಳ ಹೆಸರಿಗೂ ಮುಂಚೆ ಇದು ಬೇಕು. ಈ ಎರಡು ಅಂಕಿ ಬದಲಾದರೆ ಕಥೆಯೇ ಬದಲಾಗುತ್ತದೆ.

ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ ದೂರ. ಬೆಳಕು ಒಂದು ವರ್ಷದಲ್ಲಿ ಹೋಗುವ ದೂರವೇ ಒಂದು ಜ್ಯೋತಿರ್ವರ್ಷ. ನಾಸಾದ ವಾಯೇಜರ್ 1 ನೌಕೆ ಸೆಕೆಂಡಿಗೆ ಸುಮಾರು 17 ಕಿ.ಮೀ. ಓಡುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಹೋಗಲಿಕ್ಕೆ 70 ಸಾವಿರ ವರ್ಷಕ್ಕಿಂತ ಜಾಸ್ತಿ ಬೇಕು. ಅಂದರೆ ನಿಮ್ಮ ನೌಕೆ ಇವತ್ತಿನ ರಾಕೆಟ್ಟಿನ ಹಾಗಿದ್ದರೆ ನಡೆಯೋದಿಲ್ಲ. ಟೌ ಸೆಟಿ ಅನ್ನೋ ನಕ್ಷತ್ರ ತಗೊಳ್ಳಿ. ನಮ್ಮ ಸೂರ್ಯನ ಥರದ್ದೇ, ಸ್ವಲ್ಪ ಚಿಕ್ಕದು, 11.9 ಜ್ಯೋತಿರ್ವರ್ಷ ದೂರ.

ಬೆಳಕಿನ ವೇಗದ ಶೇ. 10ರಲ್ಲಿ ಹೊರಟರೆ 119 ವರ್ಷ. ಹತ್ತಿದವರು ಯಾರೂ ಇಳಿಯುವುದಿಲ್ಲ, ಇಳಿಯೋದು ಮರಿಮಕ್ಕಳು. ಅವರಿಗೆ ಯುದ್ಧ ಅಂದರೆ ಮುತ್ಯಾ ಹೇಳಿದ ಕಥೆ ಅಷ್ಟೇ. ಶೇ. 90ರಲ್ಲಿ ಹೊರಟರೆ ಹೊರಗಿನ ಗಡಿಯಾರದಲ್ಲಿ 13 ವರ್ಷ ಚಿಲ್ಲರೆ, ನೌಕೆಯೊಳಗಿನ ಗಡಿಯಾರದಲ್ಲಿ 6 ವರ್ಷಕ್ಕೂ ಸ್ವಲ್ಪ ಕಡಿಮೆ. ಬೆಳಕಿನ ವೇಗದ ಹತ್ತಿರ ಓಡುವವರಿಗೆ ಕಾಲ ನಿಧಾನ ಆಗುತ್ತದೆ, ಅದಕ್ಕೇ ಈ ವ್ಯತ್ಯಾಸ. ವೇಗ ಏರಿಸೋ, ಇಳಿಸೋ ಸಮಯ ಇದರಲ್ಲಿ ಸೇರಿಸಿಲ್ಲ. ಸೇರಿಸಿದರೆ ಇನ್ನಷ್ಟು ಆಗುತ್ತದೆ.

ಇದರಿಂದ ಕಥೆಗೆ ಏನು ಸಿಗುತ್ತೆ ಅಂದರೆ, ಎರಡು ಹಂತದಲ್ಲಿ ಊರು ಬಿಟ್ಟ ಅಣ್ಣ ತಮ್ಮಂದಿರು. ಅಣ್ಣ ಯುದ್ಧದ ಮೊದಲೇ ನಿಧಾನದ ನೌಕೆಯಲ್ಲಿ ಬಂದು ನೆಲೆಸಿದ್ದಾನೆ. ತಮ್ಮ ಶೇ. 90 ವೇಗದ ನೌಕೆಯಲ್ಲಿ ತಡವಾಗಿ ಬಂದಿಳಿದ. ಅಣ್ಣ ತಮ್ಮನ ವಯಸ್ಸಿನ ಅಂತರ ಮೊದಲಿಗಿಂತ ಕೆಲವು ವರ್ಷ ಹಿಗ್ಗಿದೆ. ಪಿತ್ರಾರ್ಜಿತ ಆಸ್ತಿ ಪಾಲಾಗುವಾಗ ಯಾರ ವಯಸ್ಸು ಲೆಕ್ಕ? ಇನ್ನೊಂದು ಮಾತು. ಸುದ್ದಿಯೂ ಬೆಳಕಿಗಿಂತ ಬೇಗ ಬರೋದಿಲ್ಲ. ಒಪ್ಪಂದಕ್ಕೆ ಸಹಿ ಬಿದ್ದು ಹನ್ನೆರಡು ವರ್ಷ ಆದ ಮೇಲೆ ಇಲ್ಲಿ ಗೊತ್ತಾಗುತ್ತದೆ. ಅಷ್ಟು ದಿನ ಇಲ್ಲಿಯ ಜನ ಮುಗಿದುಹೋದ ಯುದ್ಧಕ್ಕೆ ಹೆದರಿಕೊಂಡೇ ಬದುಕಿರುತ್ತಾರೆ.

ಬೆಳಕಿಗಿಂತ ಬೇಗ ಹೋಗುವ ಎಂಜಿನ್ ಬೇಕೇ ಬೇಕು ಅಂದರೆ ಹಾಕಿಕೊಳ್ಳಿ, ಬೇಡ ಅನ್ನಲಿಕ್ಕೆ ನಾನ್ಯಾರು. ಆದರೆ ಅಣ್ಣ ತಮ್ಮನ ಈ ಜಗಳ ನಿಮ್ಮ ಕೈಗೆ ಸಿಗೋದಿಲ್ಲ.

ಹೆಜ್ಜೆ 3: ನಿರಾಶ್ರಿತರ ನೌಕೆಗೆ ಯಾಕೆ ಹೆದರುತ್ತಾರೆ?

ಊರು ಬಿಟ್ಟು ಬಂದವರನ್ನು ಕಂಡರೆ ಒಳಗಿನವರಿಗೆ ಭಯ ಇದ್ದೇ ಇರುತ್ತದೆ. ಹೆಚ್ಚಿನ ಕಾದಂಬರಿಗಳಲ್ಲಿ ಆ ಭಯ ಬರೀ ಪೂರ್ವಗ್ರಹ ಆಗಿಬಿಡುತ್ತದೆ, ಒಳಗಿನವರೆಲ್ಲ ಕೆಟ್ಟವರು. ನಿಮ್ಮ ಕಥೆಯಲ್ಲಿ ಅದಕ್ಕೊಂದು ನಿಜವಾದ ಕಾರಣ ಕೊಡಬಹುದು. ಬೆಳಕಿನ ವೇಗದ ಶೇ. 10ರಲ್ಲಿ ಬರುವ ಒಂದೇ ಒಂದು ಕೆಜಿ ವಸ್ತು ನೆಲಕ್ಕೆ ಬಡಿದರೆ ಅದರ ಶಕ್ತಿ ಹಿರೋಷಿಮಾ ಬಾಂಬಿನ ಸುಮಾರು ಏಳು ಪಟ್ಟು. ಇಲ್ಲಿ ಬರ್ತಾ ಇರೋದು ಲಕ್ಷಾಂತರ ಟನ್ ತೂಕದ ನೌಕೆ. ಅದು ಬ್ರೇಕ್ ಹಾಕದಿದ್ದರೆ?

ಹಾಗಾಗಿ ಬಂದವರು ಬ್ರೇಕ್ ಹಾಕಲಿಕ್ಕೆ ಶುರು ಮಾಡಿದ್ದಾರಾ ಅಂತ ಗ್ರಹದ ಜನ ವರ್ಷಗಟ್ಟಲೆ ದುರ್ಬೀನು ಹಿಡಿದು ಕೂತಿರುತ್ತಾರೆ. ಬ್ರೇಕ್ ಕಾಣದಿದ್ದರೆ ಹೊಡೆದು ಹಾಕಬೇಕು ಅನ್ನೋ ಒಂದು ಗುಂಪು, ಎಂಜಿನ್ ಕೆಟ್ಟಿರಬಹುದು ಕಾಯೋಣ ಅನ್ನೋ ಇನ್ನೊಂದು ಗುಂಪು. ಎರಡೂ ಗುಂಪಿನವರ ಮಾತು ಸರಿ. ಇಂಥ ಜಗಳ ಸಿಕ್ಕರೆ ಬಿಡಬೇಡಿ, ಒಂದು ಇಡೀ ಅಧ್ಯಾಯ ಕೊಡಿ.

ಹೆಜ್ಜೆ 4: ಕ್ಯಾಂಪಿನ ಲೆಕ್ಕ ಬರೆದಿಡಿ

ಇಲ್ಲಿ ಕ್ಯಾಲ್ಕುಲೇಟರ್ ತಗೊಳ್ಳಿ. ನಿರಾಶ್ರಿತರ ಶಿಬಿರಗಳಿಗೆ ಜಗತ್ತಿನ ಪರಿಹಾರ ಸಂಸ್ಥೆಗಳು ಸ್ಫಿಯರ್ ಅನ್ನೋ ಕನಿಷ್ಠ ಮಟ್ಟ ಇಟ್ಟುಕೊಂಡಿವೆ. ತಲೆಗೆ ದಿನಕ್ಕೆ 15 ಲೀಟರ್ ನೀರು, 2,100 ಕ್ಯಾಲೊರಿ ಊಟ, ಸೂರಿನ ಕೆಳಗೆ 3.5 ಚದರ ಮೀಟರ್ ಜಾಗ, 20 ಜನಕ್ಕೆ ಒಂದು ಶೌಚಾಲಯ, 250 ಜನಕ್ಕೆ ಒಂದು ನಲ್ಲಿ. ಇದನ್ನು ಹತ್ತು ಸಾವಿರ ಜನಕ್ಕೆ ಹಾಕಿ ನೋಡಿ. ನೀರು ದಿನಕ್ಕೆ ಒಂದೂವರೆ ಲಕ್ಷ ಲೀಟರ್, ಅಂದರೆ ಹತ್ತು ಸಾವಿರ ಲೀಟರಿನ 15 ಟ್ಯಾಂಕರ್. ಶೌಚಾಲಯ 500. ಬರೀ ಜೋಳದ ರೊಟ್ಟಿ ತಿಂದೇ ಹೊಟ್ಟೆ ತುಂಬಬೇಕು ಅಂದರೆ ದಿನಕ್ಕೆ 60 ಕ್ವಿಂಟಲ್ ಜೋಳ. ನೌಕೆಯೊಳಗೆ ಆದರೆ ಉಸಿರಾಟಕ್ಕೆ ಆಮ್ಲಜನಕವೂ ಲೆಕ್ಕ. ತಲೆಗೆ ದಿನಕ್ಕೆ 840 ಗ್ರಾಂ, ಒಟ್ಟು 8.4 ಟನ್.

ನೀರನ್ನು ಮತ್ತೆ ಮತ್ತೆ ಶುದ್ಧ ಮಾಡಿ ಬಳಸ್ತಾರಲ್ವಾ ಅಂತ ನೀವು ಕೇಳಬಹುದು. ಹೌದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2023ರಲ್ಲಿ ಶೇ. 98ರಷ್ಟು ನೀರನ್ನು ವಾಪಸ್ ಪಡೆಯುವ ಮಟ್ಟ ಮುಟ್ಟಿದರು. ಕೇಳಲಿಕ್ಕೆ ಬಹಳ ಚೆಂದ. ಆದರೆ ಒಂದೂವರೆ ಲಕ್ಷ ಲೀಟರಿನಲ್ಲಿ ಶೇ. 2 ಹೋದರೆ ದಿನಕ್ಕೆ 3,000 ಲೀಟರ್, ವರ್ಷಕ್ಕೆ ಸುಮಾರು 11 ಲಕ್ಷ ಲೀಟರ್ ಸೋರಿಹೋಯಿತು. ಆರು ವರ್ಷದ ಪಯಣ. ನಾಲ್ಕನೇ ವರ್ಷದಲ್ಲಿ ಯಾರಾದರೂ ಒಬ್ಬರು ಸ್ನಾನ ಮಾಡಿದ್ದಕ್ಕೆ ನೌಕೆಯಲ್ಲಿ ಪಂಚಾಯ್ತಿ ಸೇರುತ್ತದೆ. ನಮ್ಮ ಬಿಸಿಲೂರಿನಲ್ಲಿ ಏಪ್ರಿಲ್ ತಿಂಗಳು ಟ್ಯಾಂಕರ್ ಬಂದಾಗ ಕೊಡ ಇಟ್ಟು ಜಾಗ ಹಿಡಿಯೋದು, ಕೊಡ ಸರಿಸಿದ್ದಕ್ಕೆ ಬೈಗುಳ, ಅಂತ್ಯಕ್ಕೆ ಪೈಪ್ ಹಿಡಿದವನ ಮನೆಯವರಿಗೇ ಮೊದಲ ನೀರು. ಇದನ್ನೆಲ್ಲ ಕಂಡವರು ಆ ಪಂಚಾಯ್ತಿಯನ್ನು ಕಲ್ಪಿಸಿಕೊಳ್ಳಲು ಕಷ್ಟ ಪಡಬೇಕಾಗಿಲ್ಲ.

ಈ ಅಂಕಿಗಳನ್ನೆಲ್ಲ ಕಾದಂಬರಿಯಲ್ಲಿ ಸುರಿಯಬೇಡಿ ಮತ್ತೆ. ಲೆಕ್ಕ ನಿಮ್ಮ ನೋಟ್‌ಬುಕ್ಕಿನಲ್ಲಿರಲಿ, ಜಗಳ ಪುಟದ ಮೇಲಿರಲಿ.

ಹೆಜ್ಜೆ 5: ಕಾಗದ ಪತ್ರ

ನಿರಾಶ್ರಿತ ಯಾರು ಅನ್ನೋದನ್ನು 1951ರ ವಿಶ್ವಸಂಸ್ಥೆಯ ಒಪ್ಪಂದ ಹೇಳುತ್ತದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿನ ಸದಸ್ಯತ್ವ, ರಾಜಕೀಯ ಅಭಿಪ್ರಾಯ, ಇವುಗಳ ಕಾರಣಕ್ಕೆ ಹಿಂಸೆಯ ಭಯ ಇದ್ದು ದೇಶದ ಹೊರಗೆ ಇರುವವರು. ಅಂಥವರನ್ನು ಅಪಾಯಕ್ಕೆ ವಾಪಸ್ ಕಳಿಸಬಾರದು ಅಂತ 33ನೇ ವಿಧಿ. ಭಾರತ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಿದ್ದೂ ಬೈಲಕುಪ್ಪೆಯಲ್ಲಿ ಟಿಬೆಟಿನವರಿಗೆ, ನಮ್ಮ ಪಕ್ಕದ ಸಿಂಧನೂರಿನ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದವರಿಗೆ ಜಾಗ ಕೊಟ್ಟಿದೆ.

ನಿಮ್ಮ ಗ್ರಹದ ಕಾನೂನು ಇದಕ್ಕಿಂತ ಭಿನ್ನ ಇರಬಹುದು, ಆದರೆ ಕಾನೂನು ಅಂತ ಒಂದು ಇರಲೇಬೇಕು. ಅದರಲ್ಲೊಂದು ತೂತು ಇರಬೇಕು. ಆ ತೂತಿನಲ್ಲಿ ನಿಮ್ಮ ನಾಯಕಿ ಸಿಕ್ಕಿಕೊಳ್ಳಬೇಕು. ನಮ್ಮ ಕಡೆ ಗುಳೆ ಹೋಗೋದು ಗೊತ್ತಲ್ವಾ. ಮಳೆ ಕೈಕೊಟ್ಟರೆ ತಾಂಡಾಕ್ಕೆ ತಾಂಡಾವೇ ಪುಣೆ, ಮುಂಬೈ, ಬೆಂಗಳೂರು ಅಂತ ಹೊರಡುತ್ತದೆ. ಗುಳೆ ಹೋದವರಿಗೆ ವಾಪಸ್ ಬರೋ ಮನೆ ಇದೆ, ಬಾಗಿಲಿಗೆ ಬೀಗ ಹಾಕಿ ಬಂದಿರುತ್ತಾರೆ. ಈಗ ಯುದ್ಧದಿಂದ ಗ್ರಹದ ಮೇಲೆ ಮಳೆಯೇ ನಿಂತುಹೋಯಿತು ಅಂತಿಟ್ಟುಕೊಳ್ಳಿ. ಯಾರೂ ಅವಳನ್ನು ಹೊಡೆಯಲಿಲ್ಲ, ಬೆಳೆ ಬರಲಿಲ್ಲ, ಹೊರಟಳು. ಅವಳು ನಿರಾಶ್ರಿತಳಾ, ಗುಳೆ ಬಂದವಳಾ? ಫಾರಂನಲ್ಲಿ ಎರಡರಲ್ಲಿ ಒಂದಕ್ಕೆ ಮಾತ್ರ ಟಿಕ್ ಹಾಕಬಹುದು. ಒಂದಕ್ಕೆ ರೇಷನ್ ಇದೆ, ಇನ್ನೊಂದಕ್ಕೆ ಇಲ್ಲ.

ಆಸ್ತಿ ಪತ್ರದ ಕಥೆಯೂ ನಮ್ಮಲ್ಲೇ ಇದೆ. ನಿಜಾಮರ ಕಾಲದ ಆಡಳಿತ ಉರ್ದುವಿನಲ್ಲಿ ನಡೆಯಿತು. ಆ ಕಾಲದ ಜಮೀನಿನ ಕಾಗದ ಹಿಡಿದು, ಓದಿ ಹೇಳುವವರನ್ನು ಹುಡುಕಿಕೊಂಡು ಕಚೇರಿಯ ಸುತ್ತಮುತ್ತ ಅಲೆಯುವ ಮನೆತನಗಳು ನಮ್ಮಲ್ಲಿ ಇವೆ. ಮೂರು ತಲೆಮಾರು ಕಳೆದ ಗ್ರಹದಲ್ಲಿ ಹಳೆ ಆಡಳಿತದ ಲಿಪಿ ಓದಬಲ್ಲ ಕೊನೆಯ ಮುದುಕನನ್ನು ಒಂದು ಪಾತ್ರ ಮಾಡಿ. ಅವನು ಒಂದು ಗೆರೆ ತಪ್ಪಾಗಿ ಓದಿದರೂ ಕೆರೆಯೊಂದು ಕೈ ಬದಲಾಗುತ್ತದೆ. ಲಂಚ ಕೊಡಲಿಕ್ಕೆ ಎಷ್ಟು ಜನ ಬರುತ್ತಾರೆ ಅಂತ ನೀವೇ ಯೋಚಿಸಿ.

ಹೆಜ್ಜೆ 6: ಒಂದು ವಸ್ತು ಆರಿಸಿ, ಅದರ ಹತ್ತಿರ ಕೂತುಕೊಳ್ಳಿ

ಓಡಿ ಹೋಗುವವರು ಏನು ಹಿಡಿದುಕೊಂಡು ಹೋಗುತ್ತಾರೆ? 12ನೇ ಶತಮಾನದಲ್ಲಿ ಕಲ್ಯಾಣ ಹೊತ್ತಿ ಉರಿದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆ ಹೊರಟರು ಅಂತ ಕೇಳುತ್ತಾ ಬೆಳೆದವರು ನಾವು. ನಿಮ್ಮ ಪಾತ್ರಕ್ಕೂ ಒಂದು ಗಂಟು ಕೊಡಿ.

ನಾನಾದರೆ ಬೀದರಿನ ಬಿದ್ರಿ ಕೆಲಸದವರ ಮನೆಯಿಂದ ಒಂದು ಚೀಲ ಮಣ್ಣು ಕೊಡುತ್ತೇನೆ. ಬಿದ್ರಿ ಆಗೋದು ಹೀಗೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಸವರಿ, ಚಾಣದಿಂದ ಹೂಬಳ್ಳಿ ಕೊರೆಯುತ್ತಾರೆ. ಆ ಗೀರಿನೊಳಗೆ ಬೆಳ್ಳಿ ತಂತಿ ಕೂಡಿಸಿ ಸಣ್ಣ ಸುತ್ತಿಗೆಯಿಂದ ಬಡಿಯುತ್ತಾರೆ. ಇಷ್ಟಾದರೂ ಸಾಮಾನು ಬೂದು ಬಣ್ಣದ್ದೇ, ಬೆಳ್ಳಿ ಕಣ್ಣಿಗೆ ಹೊಡೆಯೋದಿಲ್ಲ. ಕೊನೆಗೆ ಅದನ್ನು ಬಿಸಿ ಮಾಡಿ, ಕೋಟೆಯ ಹಳೆ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಉಜ್ಜಬೇಕು. ಆಗ ನೋಡಿ, ಸತುವೆಲ್ಲ ಕಡುಗಪ್ಪು, ಬೆಳ್ಳಿ ಮಾತ್ರ ಬೆಳ್ಳಗೆ ಎದ್ದು ನಿಲ್ಲುತ್ತದೆ. ಮಳೆ ಬಿಸಿಲು ಬೀಳದ ಜಾಗದ ಮಣ್ಣೇ ಬೇಕು ಅಂತ ಕೆಲಸಗಾರರು ಹೇಳುತ್ತಾರೆ. ನಾಲಿಗೆಗೆ ಹಚ್ಚಿ ಮಣ್ಣು ಪರೀಕ್ಷೆ ಮಾಡುವವರೂ ಇದ್ದಾರೆ.

ಹೊಸ ಗ್ರಹದಲ್ಲಿ ಸತು ಸಿಗಬಹುದು, ತಾಮ್ರ ಸಿಗಬಹುದು, ಬೆಳ್ಳಿಯೂ ಸಿಕ್ಕೀತು. ಆ ಮಣ್ಣು ಎಲ್ಲಿಂದ ತರ್ತೀರಿ? ಬೇರೆ ಗ್ರಹದ ಮಣ್ಣನ್ನು ಯಾರೂ ಒಳಗೆ ಬಿಡೋದಿಲ್ಲ. ಅದರಲ್ಲಿ ಬ್ಯಾಕ್ಟೀರಿಯಾ ಇರುತ್ತದೆ, ಬೂಷ್ಟು ಇರುತ್ತದೆ, ಬಿಡದೇ ಇರೋದೇ ಸರಿ. ತಪಾಸಣೆಯ ಮೇಜಿನ ಹತ್ತಿರ ಈ ಮಾತು ನಡೆಯಲಿ:

"ಆಯಿ, ಚೀಲದಾಗ ಏನದ?"

"ಮಣ್ಣ ಅದ ರೀ ಸಾಹೇಬ್ರ."

"ಮಣ್ಣ ಒಳಗ ಬಿಡಂಗಿಲ್ಲ. ಇಲ್ಲೇ ಇಟ್ಟು ಹೋಗ್ರಿ, ಸುಡ್ತಾರ."

"ಸುಟ್ಟರ ಬಣ್ಣ ಬರಂಗಿಲ್ಲ ರೀ. ಹಸೀದೇ ಬೇಕು."

"ಬಣ್ಣ? ಯಾತರ ಬಣ್ಣ?"

ಆಯಿ ಸೆರಗಿನ ಗಂಟು ಬಿಚ್ಚಿ ಅರ್ಧ ಮುಗಿದ ಒಂದು ಡಬ್ಬಿ ತೆಗೆದು ಮೇಜಿನ ಮೇಲೆ ಇಡಲಿ. ಬೂದು ಬಣ್ಣದ್ದು, ಏನೂ ಚೆಂದ ಇಲ್ಲದ್ದು. ಅದನ್ನು ನೋಡಿ ಆ ಅಧಿಕಾರಿ ಕರಗಿಹೋದ ಅಂತ ಮಾತ್ರ ಬರೆಯಬೇಡಿ. ನಿಯಮ ನಿಯಮವೇ, ಚೀಲ ಸುಡಲಿಕ್ಕೆ ಹೋಗಲಿ. ಮುಂದೆ ಮೂವತ್ತು ವರ್ಷ ಆ ಮನೆತನ ಹೊಸ ಗ್ರಹದ ಮಣ್ಣನ್ನು ಗುಡ್ಡ ಗುಡ್ಡ ಸುತ್ತಿ ನಾಲಿಗೆಗೆ ಹಚ್ಚಿ ನೋಡುತ್ತಿರಲಿ. ಮರುನಿರ್ಮಾಣದ ಕಥೆ ಅಂದರೆ ನನ್ನ ಪ್ರಕಾರ ಇದೇ.

ಹೆಜ್ಜೆ 7: ಹೊಲ

ಇದನ್ನು ಬೇಗ ಮುಗಿಸುತ್ತೇನೆ, ನಮ್ಮವರಿಗೆ ಹೊಲದ ಬಗ್ಗೆ ಹೇಳೋದೇನಿದೆ. ಒಂದೇ ಎಚ್ಚರಿಕೆ. ತೊಗರಿ ಹಾಕಿದರೆ ನೆಲಕ್ಕೆ ಸಾರಜನಕ ಬರುತ್ತದೆ ಅಂತ ಬರೆದು ಬಿಟ್ಟುಬಿಡಬೇಡಿ. ಬೇರಿನ ಗಂಟಿನಲ್ಲಿ ಆ ಕೆಲಸ ಮಾಡೋದು ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ. ಹೊಸ ಗ್ರಹದ ನೆಲದಲ್ಲಿ ಅದು ಇರೋದಿಲ್ಲ. ಬಿತ್ತುವ ಮುಂಚೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ ಪುಡಿ ಕಲಸಿ ಬೀಜೋಪಚಾರ ಮಾಡ್ತೀವಲ್ಲ, ಆ ಪುಡಿಯ ಪಾಕೀಟು ಅಲ್ಲಿ ಚಿನ್ನಕ್ಕಿಂತ ದುಬಾರಿ. ಆಯಿಯ ಮಣ್ಣು ಸುಟ್ಟ ಅದೇ ಅಧಿಕಾರಿ ಈ ಪಾಕೀಟನ್ನು ಮಾತ್ರ ಎರಡು ಕೈಯಲ್ಲಿ ಹಿಡಿದು ಒಳಗೆ ಒಯ್ಯುತ್ತಾನೆ.

ಹೆಜ್ಜೆ 8: ಪಂಚಾಂಗ

ಇದನ್ನು ಯಾರೂ ಯೋಚನೆ ಮಾಡೋದಿಲ್ಲ, ನನಗೆ ಬಹಳ ಇಷ್ಟದ ಭಾಗ ಇದು. ಚಂದ್ರನೇ ಇಲ್ಲದ ಗ್ರಹದಲ್ಲಿ ಎಳ್ಳಮಾವಾಸ್ಯೆ ಯಾವತ್ತು? ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು. ಅಮಾವಾಸ್ಯೆ ಆಗಬೇಕಾದರೆ ಚಂದ್ರ ಬೇಕು. ಕಲಬುರಗಿಯ ದೊಡ್ಡ ಜನಜಂಗುಳಿ ಎರಡು. ಹೋಳಿ ಹುಣ್ಣಿಮೆ ಆದ ಮೇಲೆ ಶರಣಬಸವೇಶ್ವರ ಜಾತ್ರೆ, ಜಿಲ್ಕಾದ್ ತಿಂಗಳಲ್ಲಿ ಖ್ವಾಜಾ ಬಂದೇನವಾಜರ ಉರುಸು. ಎರಡೂ ಚಂದ್ರನನ್ನೇ ನಂಬಿವೆ.

ಭೂಮಿಯ ಚಂದ್ರನ ಲೆಕ್ಕವನ್ನೇ ಕಂಪ್ಯೂಟರಿನಲ್ಲಿ ಓಡಿಸಿದರಾಯ್ತು ಅಂತ ಒಬ್ಬ ಹುಡುಗ ಹೇಳುತ್ತಾನೆ. ಸರಿ, ಯಾರ ಗಡಿಯಾರದ ಪ್ರಕಾರ? ಎರಡನೇ ಹೆಜ್ಜೆ ನೆನಪು ಮಾಡಿಕೊಳ್ಳಿ. ಶೇ. 90ರ ನೌಕೆಯಲ್ಲಿ ಬಂದವರು ಆರು ವರ್ಷದಷ್ಟು ಹಬ್ಬ ಎಣಿಸಿದ್ದಾರೆ, ಹೊರಗೆ ಹದಿಮೂರು ವರ್ಷ ಕಳೆದಿದೆ. ಒಂದು ಗುಂಪಿಗೆ ಇವತ್ತು ಅಮಾವಾಸ್ಯೆ, ಇನ್ನೊಂದು ಗುಂಪಿಗೆ ಅಷ್ಟಮಿ. ರಂಜಾನ್ ಚಾಂದ್ ಕಾಣಿಸಿತಾ ಇಲ್ವಾ ಅನ್ನೋ ಮಾತಿಗೆ ಆಕಾಶವೇ ಸಾಕ್ಷಿ ಇಲ್ಲ. ಸ್ವಾಮಿಗಳು, ಮೌಲ್ವಿಗಳು, ಖಗೋಳ ವಿಜ್ಞಾನಿ ಮೂವರನ್ನೂ ಒಂದು ಡೇರೆಯಲ್ಲಿ ಕೂಡಿಸಿ ಚಹಾ ಕೊಟ್ಟು ಬರೆಯಿರಿ. ನಗು ಬರಬೇಕು. ನಿರಾಶ್ರಿತರ ಕಾದಂಬರಿ ಅಂದರೆ ಮುನ್ನೂರು ಪುಟ ಅಳಬೇಕು ಅಂತ ಎಲ್ಲಿ ಬರೆದಿದೆ?

ಹೆಜ್ಜೆ 9: ಎರಡೂ ಕಡೆಯವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ

1948ರಲ್ಲಿ ಸೇನೆ ಬರುವ ಮುಂಚೆ, ನಿಜಾಮರ ಪರ ಇದ್ದ ಖಾಸಗಿ ಪಡೆಯಾದ ರಜಾಕಾರರ ಹಾವಳಿಗೆ ಊರುಗಳು ಖಾಲಿಯಾದವು, ಜನ ಸಂಸ್ಥಾನದ ಗಡಿ ದಾಟಿದರು. ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಕೊಲೆಗಳನ್ನು ಜನ ಇವತ್ತಿಗೂ ಮರೆತಿಲ್ಲ. ಸೇನೆ ಬಂದ ಮೇಲೆ ಸೇಡು ಮುಸ್ಲಿಮರ ಮೇಲೆ ತಿರುಗಿತು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಊರೂರು ಸುತ್ತಿ, ಹೆಚ್ಚು ಹಾನಿಯಾದ ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಅಂತ ವರದಿ ಕೊಟ್ಟಿತು. ಆ ವರದಿ ದಶಕಗಟ್ಟಲೆ ಹೊರಗೆ ಬರಲಿಲ್ಲ.

ಮನೆಯಲ್ಲಿ ಹಿರಿಯರಿದ್ದರೆ ಕೇಳಿ. "ಆಗ ಏನಾಯ್ತು" ಅಂತ ನೇರ ಕೇಳಿದರೆ ಹೇಳೋದಿಲ್ಲ. ಅಡುಗೆ ಏನು ಮಾಡಿದ್ರಿ, ದನ ಯಾರ ಹತ್ತಿರ ಬಿಟ್ರಿ, ವಾಪಸ್ ಬಂದಾಗ ಬಾಗಿಲು ಇತ್ತಾ ಅಂತ ಕೇಳಿ. ಒಂದು ಕಡೆಯ ಮನೆಯಲ್ಲಿ ಮಾತ್ರ ಕೇಳಿ ಬರಬೇಡಿ. ಮತ್ತೆ, ಕೇಳಿದ್ದನ್ನು ಹಾಗೇ ಇಳಿಸಬೇಡಿ. ಹೆಸರು, ಊರು, ಗ್ರಹ ಎಲ್ಲ ಬದಲಿಸಿ. ಆ ನೆನಪು ಅವರದು, ನಿಮ್ಮದು ಕಾದಂಬರಿ.

ಹೆಜ್ಜೆ 10: ಬಂದವರು ಏನು ತಂದರು?

1398ರಲ್ಲಿ ತೈಮೂರ್ ದಿಲ್ಲಿಯ ಮೇಲೆ ಬಿದ್ದಾಗ ಊರು ಬಿಟ್ಟವರಲ್ಲಿ ಖ್ವಾಜಾ ಬಂದೇನವಾಜರೂ ಒಬ್ಬರು. ಅಲ್ಲಿ ಇಲ್ಲಿ ತಿರುಗಿ ಕಲಬುರಗಿಗೆ ಬಂದಾಗ ಅವರಿಗೆ ವಯಸ್ಸಾಗಿತ್ತು. ಇವತ್ತು ಅವರಿಲ್ಲದ ಕಲಬುರಗಿಯನ್ನು ನೆನೆಸಿಕೊಳ್ಳಲಿಕ್ಕೆ ಆಗುತ್ತಾ? ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಇರಾನಿನ ಗೀಲಾನಿನವರು. ಬಹಮನಿ ಕಾಲದಲ್ಲಿ ಅದೇ ಪರ್ಷಿಯಾ ಕಡೆಯಿಂದ ಬಂದ ವಿದ್ಯೆಯೇ ನೌಬಾದಿನ ಕರೇಜ್, ನಾವು ಸುರಂಗ ಬಾವಿ ಅಂತೀವಿ. ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು, ಕೆಳಗೆ ಕರಿಕಲ್ಲು. ಮಳೆ ನೀರು ಮೇಲಿನ ಕಲ್ಲಿನಲ್ಲಿ ಇಳಿದು ಕರಿಕಲ್ಲಿನ ಮೇಲೆ ನಿಲ್ಲುತ್ತದೆ, ಅದನ್ನು ಸುರಂಗದಲ್ಲಿ ಹಿಡಿದು ಊರಿಗೆ ಹರಿಸಿದರು.

ಇದರಲ್ಲಿ ನಿಮಗೆ ಬೇಕಾದದ್ದು ಒಂದೇ. ತಂದ ವಿದ್ಯೆ ಕೆಲಸಕ್ಕೆ ಬಂದದ್ದು ಇಲ್ಲಿಯ ಕಲ್ಲು ಅದಕ್ಕೆ ಒಗ್ಗಿದ್ದರಿಂದ. ನಿಮ್ಮ ನಿರಾಶ್ರಿತರ ಹತ್ತು ವಿದ್ಯೆಗಳಲ್ಲಿ ಏಳು ಹೊಸ ಗ್ರಹದಲ್ಲಿ ಸೋಲಲಿ. ಗೆದ್ದ ಮೂರಕ್ಕೆ ಒಳಗಿನವರು ತಮ್ಮದೇ ಹೆಸರಿಟ್ಟುಕೊಳ್ಳಲಿ.

ಹೆಜ್ಜೆ 11: ಮುಗಿಸೋದು ಎಲ್ಲಿ?

ನಿರಾಶ್ರಿತರ ವಿಷಯದಲ್ಲಿ ವಿಶ್ವಸಂಸ್ಥೆ ಮೂರು ದಾರಿ ಹೇಳುತ್ತದೆ. ಇಷ್ಟಪಟ್ಟು ಊರಿಗೆ ವಾಪಸ್ ಹೋಗೋದು, ಬಂದಲ್ಲೇ ಬೆರೆತು ಉಳಿಯೋದು, ಮೂರನೇ ದೇಶಕ್ಕೆ ಹೋಗಿ ನೆಲೆಸೋದು. ಕೊನೆಯ ಭಾಗದಲ್ಲಿ ಹಳೆ ಗ್ರಹದಿಂದ ಒಂದು ಸಂದೇಶ ಬರಲಿ. "ಈಗ ಶಾಂತಿ ಇದೆ, ಬರಬಹುದು." ಸಂದೇಶಕ್ಕೇ ಹನ್ನೆರಡು ವರ್ಷ ವಯಸ್ಸು. ಹೊರಟರೆ ಮುಟ್ಟಲಿಕ್ಕೆ ಇನ್ನೊಂದು ಹದಿಮೂರು. ಅಲ್ಲಿಯ ತನಕ ಶಾಂತಿ ಇರುತ್ತಾ? ಒಂದೇ ಮನೆಯ ಮೂವರು ಮೂರು ದಾರಿ ಹಿಡಿಯಲಿ. ಯಾರದ್ದು ಸರಿ ಅಂತ ನೀವು ತೀರ್ಪು ಕೊಡಬೇಡಿ.

ಕರಡು ಮುಗಿದ ಮೇಲೆ ಒಂದು ತಿಂಗಳು ಮುಚ್ಚಿಡಿ. ಆಮೇಲೆ ವಿಜ್ಞಾನ ಓದದ, ಆದರೆ ರೇಷನ್ ಕಾರ್ಡಿಗೆ ಅಲೆದಾಡಿದ ಒಬ್ಬರಿಗೆ ಜೋರಾಗಿ ಓದಿ ಹೇಳಿ. ಸಂಭಾಷಣೆಯಲ್ಲಿ ಕಲಬುರಗಿ ಮಾತು ಇದ್ದರೆ ಅದು ಎಲ್ಲಿ ಬೆಂಗಳೂರಾಯ್ತು ಅನ್ನೋದನ್ನು ಅವರೇ ಹಿಡಿದು ಹೇಳುತ್ತಾರೆ. ಅವರು ಆಕಳಿಸಿದ ಕಡೆ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳಿ. ಬಹಳಷ್ಟು ಸಲ ಆ ಗೆರೆ ಬೀಳೋದು ಎಂಜಿನ್ ವರ್ಣನೆಯ ಮೇಲೆ. ಅದನ್ನು ಅರ್ಧಕ್ಕೆ ಇಳಿಸಿ, ನಲ್ಲಿಯ ಹತ್ತಿರದ ಜಗಳವನ್ನು ಇನ್ನೊಂದೆರಡು ಪುಟ ಹಿಗ್ಗಿಸಿ.